ನಿಮಗಿದು ಗೊತ್ತೆ? ದೈತ್ಯನ ನಾಯಿ ಕಟ್ಟಿದ ಕಲ್ಲು

ಶಿಲಾವೃತ್ತವೆಂದರೆ ಎಲ್ಲರ ಬಾಯಲ್ಲೂ ಸ್ಟೋನ್‌ಹೆಂಜ್. ಆದರೆ ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯಾಚೆಯ ಆ್ಯರನ್ ದ್ವೀಪದಲ್ಲಿ, ಮ್ಯಾಕ್ರಿ ಮೂರ್ ಎಂಬ ಒಂದೇ ಬಯಲಲ್ಲಿ ಆರು ಶಿಲಾವೃತ್ತಗಳಿವೆ! ವಯಸ್ಸು ಸುಮಾರು 4,000 ವರ್ಷ. ಕೆಲವು ಗುಂಡನೆಯ ಗ್ರಾನೈಟ್ ಬಂಡೆಗಳವು. ಒಂದರಲ್ಲಿ ಕೆಂಪು ಮರಳುಗಲ್ಲಿನ ಮೂರು ಕಂಬಗಳು ಇನ್ನೂ ನಿಂತಿವೆ, ಅತಿ ಎತ್ತರದ್ದು ಸುಮಾರು 5 ಮೀಟರ್.

ಕಲ್ಲಿಗೂ ಮೊದಲು ಇಲ್ಲಿ ಮರದ ಕಂಬಗಳ ವೃತ್ತಗಳಿದ್ದವು. ನಡುವಿನ ಕಾಲದಲ್ಲಿ ಅದೇ ನೆಲವನ್ನು ಉತ್ತು ಬೇಸಾಯವನ್ನೂ ಮಾಡಿದ್ದರು. ಆಮೇಲೂ ಹಳೆಯ ಜಾಗದಲ್ಲೇ ಕಲ್ಲು ನೆಟ್ಟರಲ್ಲ, ಆ ನೆನಪಿನ ಶಕ್ತಿಯೇ ದೊಡ್ಡ ಬೆರಗು.

ಎರಡು ಸುತ್ತಿನ ವೃತ್ತವೊಂದರ ಕಲ್ಲಿನಲ್ಲಿ ತೂತಿದೆ. ಫಿಂಗಲ್ ಎಂಬ ದೈತ್ಯ ತನ್ನ ನಾಯಿ ಬ್ರಾನ್‌ನನ್ನು ಅದಕ್ಕೆ ಕಟ್ಟುತ್ತಿದ್ದನಂತೆ. ಕರಾವಳಿ ರಸ್ತೆಯಿಂದ ಸುಮಾರು 2.5 ಕಿಲೋಮೀಟರ್ ನಡೆದರೆ ಆ ಬಯಲು ಸಿಗುತ್ತದೆ.