ಎಸ್‌ಜೆಸಿಇ ಅಂಗಳಕ್ಕೆ ಯಾರ್ಯಾರು ಬರುತ್ತಾರೆ

ಸಿಇಟಿ ಸೀಟು ಹಂಚಿಕೆಯಾದ ವಾರ ಮಾನಸಗಂಗೋತ್ರಿಯ ಪಕ್ಕದ ಎಸ್‌ಜೆಸಿಇ ಆವರಣದಲ್ಲಿ ಒಂದರ್ಧ ಗಂಟೆ ನಿಂತು ನೋಡಬೇಕು. ಅಂಕಪಟ್ಟಿ, ಜಾತಿಪತ್ರ, ಜೆರಾಕ್ಸ್ ಪ್ರತಿಗಳ ಕವರನ್ನು ಎದೆಗವಚಿಕೊಂಡ ಅಪ್ಪಂದಿರು, ಹಾಸ್ಟೆಲ್ ಎಲ್ಲಿ ಎಂದು ಕೇಳುವ ಅಮ್ಮಂದಿರು. ಒಂದು ಕಡೆ ಕೊಳ್ಳೇಗಾಲದ ಕನ್ನಡ, ಇನ್ನೊಂದು ಕಡೆ ಕಲಬುರಗಿಯ ಕನ್ನಡ, ನಡುನಡುವೆ ಹಿಂದಿ, ಮಲಯಾಳ.

1963ರಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು 2016ರಲ್ಲಿ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವಾಯಿತು. ಕ್ರಿಕೆಟಿಗ ಜಾವಗಲ್ ಶ್ರೀನಾಥ್ ಓದಿದ್ದು ಇಲ್ಲೇ. ಹೆಸರು ಬದಲಾದರೂ ಮೈಸೂರಿನವರ ಬಾಯಲ್ಲಿ ಇದು ಇಂದಿಗೂ ಎಸ್‌ಜೆಸಿಇ.

ಇದರ ಬೇರು ಇರುವುದು ಒಂದು ಅಡುಗೆಮನೆಯಲ್ಲಿ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಹಳ್ಳಿ ಹುಡುಗರಿಗಾಗಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಆಗ ಹಳ್ಳಿಯ ಹುಡುಗನಿಗೆ ಕಾಲೇಜಿನಲ್ಲಿ ಸೀಟು ಸಿಗುವುದಕ್ಕಿಂತ ಎರಡು ಹೊತ್ತಿನ ಊಟ, ಮಲಗಲು ಜಾಗ ಸಿಗುವುದೇ ಕಷ್ಟವಾಗಿತ್ತು. ದಿನಸಿಗೆ ದುಡ್ಡು ಸಾಲದೆ ಹೋದಾಗ ಸ್ವಾಮಿಗಳು ಮಠದ ಬೆಳ್ಳಿಬಂಗಾರ ಮಾರಿದ್ದರಂತೆ. ಹಳಬರು ಈಗಲೂ ಹೇಳುತ್ತಾರೆ. ಮುಂದೆ ಎಸ್‌ಜೆಸಿಇಯನ್ನು ಕಟ್ಟಿದ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು 1954ರಲ್ಲಿ ಸ್ಥಾಪಿಸಿದ್ದೂ ಅವರೇ. ಮೊದಲು ಅನ್ನ, ಆಮೇಲೆ ಶಾಲೆ ಕಾಲೇಜು ಎಂಬ ಈ ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಯಾರು ಓದಬೇಕು ಎಂಬ ಪ್ರಶ್ನೆಯನ್ನು ಮೈಸೂರು ಅದಕ್ಕೂ ಮೊದಲೇ ಕೇಳಿಕೊಂಡಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ, ಹಿಂದುಳಿದವರಿಗೆ ನೌಕರಿಯಲ್ಲಿ ಆದ್ಯತೆಯ ಜೊತೆಗೆ ಓದಿಗೂ ನೆರವು ಬೇಕೆಂದಿತು. ಇಂದಿನ ಸೀಟು ಹಂಚಿಕೆಯ ಹಿಂದೆ ಆ ವರದಿಯ ನೆನಪಿದೆ.

ಎಸ್‌ಜೆಸಿಇ ಈಗ ಖಾಸಗಿ ವಿಶ್ವವಿದ್ಯಾಲಯದ ಭಾಗ. ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳ ಕಾಯ್ದೆಗಳಂತೆ ಇಲ್ಲಿ ಶೇ 40ರಷ್ಟು ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು. ಅವುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಅಂಕಕ್ಕೆ ಅರ್ಧ, ಸಿಇಟಿಯ ಅಂಕಕ್ಕೆ ಅರ್ಧ ತೂಕ. ಜಾತಿವಾರು ಮೀಸಲಾತಿಯೊಳಗೇ ಇನ್ನೂ ಕೆಲವು ಬಾಗಿಲುಗಳಿವೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಹೊರಗೂ ಶೇ 8. ಅಂಗಳದಲ್ಲಿ ಕಲಬುರಗಿಯ ಮಾತು ಕೇಳಿಸುವುದಕ್ಕೆ ಇದೂ ಒಂದು ಕಾರಣ. ಕಾಸರಗೋಡು, ಅಕ್ಕಲಕೋಟೆ, ಜತ್ತದ ಗಡಿನಾಡ ಕನ್ನಡಿಗರಿಗೂ ದಾರಿಯಿದೆ. ಅವರು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಉಳಿದ ಸೀಟುಗಳಿಗೆ ಶುಲ್ಕ ಹೆಚ್ಚು. ಹೊರರಾಜ್ಯದವರು ಬಹುಮಟ್ಟಿಗೆ ಆ ದಾರಿಯಲ್ಲೇ ಬರುತ್ತಾರೆ. ಸಿಇಟಿ ಸೀಟಿನ ಶುಲ್ಕವೂ ಸರ್ಕಾರಿ ಕಾಲೇಜಿನಷ್ಟು ಕಡಿಮೆಯಲ್ಲ, ಕೂಲಿ ಮಾಡುವ ಮನೆಗೆ ಅದು ಭಾರವೇ. ಎಸ್‌ಜೆಸಿಇಯ ಕೆಲವು ಹಳೆಯ ವಿಭಾಗಗಳಲ್ಲಿ ಶುಲ್ಕ ಕಡಿಮೆಯಿರುವ ಅನುದಾನಿತ ಸೀಟುಗಳಿರುವುದರಿಂದ ಬಡವರ ಮಕ್ಕಳು ಆಪ್ಷನ್ ಎಂಟ್ರಿ (ಕಾಲೇಜು, ಕೋರ್ಸುಗಳ ಆಯ್ಕೆಪಟ್ಟಿ) ಮಾಡುವಾಗ ಅವುಗಳನ್ನು ಮೇಲೆ ಹಾಕುವುದು ಜಾಣತನ. ಕೋರ್ಸಿನ ಹೆಸರು ಹೊಸದೆಂಬ ಒಂದೇ ಕಾರಣಕ್ಕೆ ಅನುದಾನಿತ ಸೀಟು ಬಿಟ್ಟು ಸಾಲ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಈ ಆವರಣದಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಅಂಗವಿಕಲರಿಗೆಂದೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್. ಕಿವಿ ಕೇಳಿಸದ, ಕಣ್ಣು ಕಾಣದ, ನಡೆಯಲಾಗದ ಮಕ್ಕಳು ಇಲ್ಲಿ ಡಿಪ್ಲೊಮಾ ಓದುತ್ತಾರೆ. ಇಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದವರು ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ವೈವಿಧ್ಯ ಎಂದಾಗ ನಾವು ರಾಜ್ಯ, ಭಾಷೆಗಳನ್ನಷ್ಟೇ ಎಣಿಸುತ್ತೇವೆ. ಸನ್ನೆಯಲ್ಲಿ ಮಾತಾಡುವ ಹುಡುಗಿ ಕ್ಯಾಂಟೀನಿನಲ್ಲಿ ಗೆಳತಿಯರ ಜೊತೆ ನಗುತ್ತಾ ಕೂರುವುದೂ ಆ ಎಣಿಕೆಗೆ ಸೇರಬೇಕು.

ಹಳ್ಳಿಯ ಹೆತ್ತವರಲ್ಲಿ, ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ರ್‍ಯಾಂಕ್ ಬಂದ ಮೇಲೆ ಪತ್ರಕ್ಕಾಗಿ ಅಲೆದು, ಗ್ರಾಮೀಣ ಮೀಸಲಾತಿ ಕಳೆದುಕೊಳ್ಳುವ ಮಕ್ಕಳಿದ್ದಾರೆ. ಹತ್ತು ವರ್ಷದ ಗ್ರಾಮೀಣ ವ್ಯಾಸಂಗಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು, ಕನ್ನಡ ಮಾಧ್ಯಮದ್ದು ಬೇರೆಯೇ ಪತ್ರ, ಜಾತಿ–ಆದಾಯದ್ದು ತಹಶೀಲ್ದಾರರ ಕಚೇರಿಯಿಂದ ಬರಬೇಕು. ಮಗು ಮೊದಲ ಪಿಯುಸಿಯಲ್ಲಿರುವಾಗಲೇ ಇವನ್ನೆಲ್ಲ ಮಾಡಿಸಿ, ಹೆಸರಿನ ಅಕ್ಷರಗಳು ಎಲ್ಲದರಲ್ಲೂ ಒಂದೇ ಇವೆಯೇ ಎಂದು ನೋಡಿ ಇಟ್ಟುಕೊಳ್ಳಿ.