ಹಟವೋ, ಮಾತೋ?

ಆಟಿಸಂ ಎಂಬ ಹೆಸರು ನಮ್ಮ ಮನೆಗಳಲ್ಲಿ ಈಚೆಗೆ ಕೇಳಿಬರುತ್ತಿರುವುದಾದರೂ ಅದರ ಲಕ್ಷಣಗಳುಳ್ಳ ಮಕ್ಕಳು ಹಿಂದೆಯೂ ಇದ್ದರು. 1943ರಲ್ಲಿ ಅಮೆರಿಕೆಯ ವೈದ್ಯರಾದ ಲಿಯೋ ಕ್ಯಾನರರು ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಬಳಿಕ ವೈದ್ಯಶಾಸ್ತ್ರವು ಇದನ್ನು ಪ್ರತ್ಯೇಕವಾಗಿ ಗುರುತಿಸತೊಡಗಿತು. ತಾಯಿಯ ಪ್ರೀತಿ ಸಾಲದುದರಿಂದಲೇ ಮಗು ಹೀಗಾಯಿತೆಂದು ಕೆಲವು ದಶಕಗಳ ಕಾಲ ಪಂಡಿತರೇ ಹೇಳುತ್ತಿದ್ದರು. ಆ ಮಾತು ಸುಳ್ಳೆಂದು ಸಿದ್ಧವಾಗಿದೆ. ಇದು ಮೆದುಳಿನ ಬೆಳವಣಿಗೆಯಲ್ಲಿರುವ ಭೇದ. ಆದರೂ ನೆರೆಹೊರೆಯವರ ನಾಲಗೆಯಿಂದ ಆ ಅಪವಾದವು ಇನ್ನೂ ಇಳಿದಿಲ್ಲ.

ಇಂತಹ ಮಗುವಿನ ನಡತೆಯನ್ನು ತಿದ್ದಹೊರಡುವ ಮುನ್ನ ಒಂದು ಸಂಗತಿಯನ್ನು ತಿಳಿದಿರತಕ್ಕದ್ದು. ಮಾತು ಬಾರದ, ಅಥವಾ ಬಂದರೂ ಬೇಕಾದ ಹೊತ್ತಿಗೆ ಒದಗದ ಮಗುವಿಗೆ ಅಳುವುದು, ಕಿರುಚುವುದು, ಕಚ್ಚುವುದು ಇವೇ ಮಾತು. ಬೇಕಾದುದು ದೊರೆಯಬೇಕು, ಬೇಡವಾದುದು ತಪ್ಪಬೇಕು, ಯಾರಾದರೂ ತನ್ನತ್ತ ನೋಡಬೇಕು, ಇಲ್ಲವೆ ಆ ಚಲನೆಯೇ ದೇಹಕ್ಕೆ ಹಿತವಾಗಿದೆ: ಬಹುಮಟ್ಟಿಗೆ ಅದರ ಅರ್ಥವು ಈ ನಾಲ್ಕರಲ್ಲಿ ಒಂದಾಗಿರುವುದು. ಹೊಡೆದರೆ ಕಿರುಚು ನಿಂತೀತು. ಅರ್ಥವು ಮಾತ್ರ ತಿಳಿಯದು.

ಅರ್ಥವನ್ನು ತಿಳಿಯಲು ಒಂದು ಪುಸ್ತಕವೂ ಪೆನ್ಸಿಲೂ ಸಾಕು. ರಂಪ ನಡೆದಾಗಲೆಲ್ಲ ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು, ಈ ಮೂರನ್ನೂ ಬರೆದಿಡಬೇಕು. ಹದಿನೈದು ದಿನ ಬರೆದು ನೋಡಿದರೆ, ಕಾರಣವಿಲ್ಲದೆ ತಲೆ ಚಚ್ಚಿಕೊಳ್ಳುವನೆಂದು ತೋರಿದ ಹುಡುಗನು ಮಿಕ್ಸಿ ತಿರುಗಿದಾಗಲೇ ಹಾಗೆ ಮಾಡುವನೆಂದು ಗೊತ್ತಾಗಬಹುದು. ಆಗ ಹುಡುಗನನ್ನು ತಿದ್ದುವುದಕ್ಕಿಂತ, ಅವನು ಹೊರಗೆ ಆಡುತ್ತಿರುವಾಗ ಚಟ್ನಿ ಅರೆದುಕೊಳ್ಳುವುದು ಸುಲಭ. ಹೊಸದಾಗಿ ತೊಡಗಿದ ರಂಪವಾದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇವೆಯೇ ಎಂದು ಮೊದಲು ವೈದ್ಯರಿಗೆ ತೋರಿಸಿರಿ. ನೋವನ್ನು ಹೇಳಲಾರದ ಮಗುವಿನಲ್ಲಿ ಇವನ್ನು ಹಟವೆಂದು ಬಗೆಯುವುದುಂಟು.

ಅರ್ಥ ತಿಳಿದ ಮೇಲೆ, ಅದನ್ನೇ ಹೇಳಲು ಬೇರೊಂದು ದಾರಿಯನ್ನು ಕಲಿಸಬೇಕು. ನೀರಿಗಾಗಿ ಕಿರುಚುವ ಮಗುವಿನ ಕೈಗೆ ಲೋಟದ ಚಿತ್ರವನ್ನು ಕೊಟ್ಟು, ಅದನ್ನು ನಿಮ್ಮ ಕೈಗಿತ್ತೊಡನೆ ನೀರು ಕೊಡಿರಿ. ಚಿತ್ರ ಕೊಟ್ಟು ಬೇಕಾದುದನ್ನು ಪಡೆಯುವ ಈ ಕ್ರಮವನ್ನು 1985ರಲ್ಲಿ ಅಮೆರಿಕೆಯ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಎಂಬಿಬ್ಬರು ರೂಪಿಸಿದರು. ಚಿತ್ರ ತೋರಿಸಿದರೆ ಮಾತೇ ಬಾರದೆಂಬ ಭಯಕ್ಕೆ ಆಧಾರವಿಲ್ಲ. ಮಾತನ್ನೂ ಚಿಕ್ಕದಾಗಿಸಿರಿ: “ಮೊದಲು ಅಂಗಿ, ಆಮೇಲೆ ಉಯ್ಯಾಲೆ.” ಅಂಗಿ ತೊಟ್ಟ ಮರುಕ್ಷಣವೇ ಉಯ್ಯಾಲೆ ದೊರೆಯಬೇಕು, ಸಂಜೆಗೆಂದರೆ ಮಾತು ಕೆಟ್ಟಿತು.

ಎಲ್ಲಕ್ಕೂ ಕಷ್ಟವಾದುದು ಮನೆಮಂದಿಯೆಲ್ಲ ಒಂದೇ ರೀತಿ ನಡೆಯುವುದು. ಬಿಸ್ಕತ್ತಿಗಾಗಿ ಅತ್ತರೆ ಕೊಡಬಾರದೆಂದು ನಿಶ್ಚಯಿಸಿದ ಮೊದಲ ದಿನಗಳಲ್ಲಿ ಅಳು ಕಡಮೆಯಾಗುವುದಕ್ಕೆ ಬದಲಾಗಿ ಹೆಚ್ಚುವುದುಂಟು. ಮೂರನೆಯ ದಿನ ಅಜ್ಜಿಯವರು ಮನಸ್ಸು ತಡೆಯದೆ ಸೆರಗಿನ ಮರೆಯಲ್ಲಿ ಒಂದನ್ನು ಕೊಟ್ಟರೆ, ಇನ್ನಷ್ಟು ಜೋರಾಗಿ ಅತ್ತರೆ ಸಿಕ್ಕುವುದೆಂದು ಮಗು ಕಲಿಯುವುದು. ಅಜ್ಜಿಯವರನ್ನು ದೂರಬೇಡಿರಿ; ಚಿತ್ರ ತಂದಾಗ ಬಿಸ್ಕತ್ತು ಕೊಡುವ ಕೆಲಸವನ್ನು ಅವರಿಗೇ ವಹಿಸಿರಿ.

ಮದುವೆಮನೆಯ ಓಲಗ, ಜನಜಂಗುಳಿ, ದೀಪಗಳ ನಡುವೆ ಮಗು ನೆಲಕ್ಕುರುಳಿದರೆ ಅದು ಬೇರೆ ಬಗೆ. ಅಲ್ಲಿ ಕೇಳುವುದೇನೂ ಇಲ್ಲ, ಸಹಿಸುವ ಶಕ್ತಿ ಮುಗಿದಿರುತ್ತದೆ. ಆಗ ಉಪದೇಶ ಬೇಡ, ಪ್ರಶ್ನೆ ಬೇಡ. ನಿಶ್ಶಬ್ದವಾದ ಕೋಣೆಗೆ ಕರೆದೊಯ್ದು ಸುಮ್ಮನೆ ಹತ್ತಿರ ಕುಳಿತಿರಿ. ಹೋಗುವ ಮುಂಚೆಯೇ ಅಂತಹ ಕೋಣೆಯೊಂದನ್ನು ನೋಡಿಟ್ಟುಕೊಂಡು, ಧಾರೆಯ ಹೊತ್ತಿಗೆ ಹೋಗಿ ಊಟಕ್ಕೆ ಮೊದಲೇ ಹೊರಟುಬಂದರೂ ಬಂಧುಗಳಿಗೆ ಅಗೌರವವಾಗಲಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂತಹ ಮಕ್ಕಳನ್ನು ಪರೀಕ್ಷಿಸುವ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿರುವುದರಿಂದ ಪ್ರಮಾಣಪತ್ರಕ್ಕೂ ಅವಕಾಶವುಂಟು. ಹೋಗುವಾಗ ನೀವು ಬರೆದಿಟ್ಟ ಆ ಪುಸ್ತಕವನ್ನು ಕೊಂಡೊಯ್ಯಿರಿ. ಅಪರಿಚಿತ ಕೋಣೆಯಲ್ಲಿ ಅರ್ಧ ಗಂಟೆ ಕಂಡ ಮಗುವಿಗಿಂತ ಮನೆಯಲ್ಲಿರುವ ಮಗುವಿನ ವಿಷಯ ವೈದ್ಯರಿಗೆ ಅದರಿಂದ ಹೆಚ್ಚು ತಿಳಿಯುವುದು.