ಹದಿನೈದು ಸೀಟು, ಲಕ್ಷಾಂತರ ಹುಡುಗಿಯರು

ಮುಸುಕಿನ ಜೋಳಕ್ಕೆ ಹೆಸರಾದ ಅಮೆರಿಕದ ಅಯೋವಾ ರಾಜ್ಯದಲ್ಲಿ ಹೈಸ್ಕೂಲು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೂರ್ನಿ ಶುರುವಾದದ್ದು 1920ರಲ್ಲಿ. ಅಲ್ಲಿ ಆಡುತ್ತಿದ್ದ ಆಟದ ರೀತಿಯೇ ಬೇರೆ. ತಂಡಕ್ಕೆ ಆರು ಜನ. ಮೂವರ ಕೆಲಸ ಬಾಸ್ಕೆಟ್ ಹಾಕುವುದು, ಉಳಿದ ಮೂವರದು ತಡೆಯುವುದು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ತಡೆಯುವ ಪಾಳಿಗೆ ಬಿದ್ದವಳು ಒಂದೂ ಬಾಸ್ಕೆಟ್ ಹಾಕದೆ ಹೈಸ್ಕೂಲು ಮುಗಿಸಬಹುದಿತ್ತು! 1993ರವರೆಗೂ ಇದು ನಡೆಯಿತು.

1987ರಲ್ಲಿ ಈ ಆಟದಲ್ಲಿ ಪಂದ್ಯಕ್ಕೆ ಸರಾಸರಿ 66 ಅಂಕ ಗಳಿಸಿದ ಹುಡುಗಿ ಜ್ಯಾನ್ ಜೆನ್ಸನ್. ಡ್ರೇಕ್ ವಿಶ್ವವಿದ್ಯಾಲಯಕ್ಕೆ ಆಡಿ, ಮುಂದೆ ಕೋಚ್ ಆಗಿ ಅಯೋವಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಆಗಿನ ಮುಖ್ಯ ಕೋಚ್ ಲೀಸಾ ಬ್ಲೂಡರ್ ಮತ್ತು ಜೆನ್ಸನ್ ವರ್ಷಗಟ್ಟಲೆ ಬೆನ್ನುಹತ್ತಿ ಒಲಿಸಿಕೊಂಡ ಹುಡುಗಿ ಕೇಟ್ಲಿನ್ ಕ್ಲಾರ್ಕ್. ಡೌಲಿಂಗ್ ಕ್ಯಾಥೊಲಿಕ್ ಹೈಸ್ಕೂಲಿನ ಈಕೆಗೆ ನೋಟರ್ ಡೇಮ್‌ನಂಥ ದೊಡ್ಡ ಹೆಸರಿನ ಕಾಲೇಜೂ ಗಾಳ ಹಾಕಿತ್ತು. 2019ರ ನವೆಂಬರಿನಲ್ಲಿ ಆಕೆ ಮನೆಗೆ ಹತ್ತಿರದ ಅಯೋವಾವನ್ನೇ ಆರಿಸಿಕೊಂಡಳು. ಆಮೇಲೆ ನಡೆದದ್ದು ಜಗತ್ತಿಗೇ ಗೊತ್ತು. ಕಾಲೇಜಿನಲ್ಲಿ ಆಕೆ ಗಳಿಸಿದ್ದು 3,951 ಅಂಕ. ಆಕೆ ಆಡಿದ 2024ರ ಮಹಿಳೆಯರ ಕಾಲೇಜು ಫೈನಲನ್ನು ಟಿವಿಯಲ್ಲಿ ಸರಾಸರಿ 1.8 ಕೋಟಿಗೂ ಹೆಚ್ಚು ಮಂದಿ ನೋಡಿದರು. ಅದೇ ವರ್ಷದ ಪುರುಷರ ಫೈನಲ್ ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ.

ಇದಕ್ಕೆಲ್ಲ ದಾರಿ ಮಾಡಿಕೊಟ್ಟದ್ದು 'ಟೈಟಲ್ ನೈನ್' ಎಂಬ 1972ರ ಕಾನೂನು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂದಿತು ಅದು. ಕಾಲೇಜುಗಳು ಹುಡುಗಿಯರಿಗೂ ತಂಡ ಕಟ್ಟಬೇಕಾಯಿತು, ವಿದ್ಯಾರ್ಥಿವೇತನ ಕೊಡಬೇಕಾಯಿತು.

ಸೀಟುಗಳೆಷ್ಟು? ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎಯ ಮೇಲ್ದರ್ಜೆ 'ಡಿವಿಷನ್ ಒನ್'. ಅದರಲ್ಲಿ ಸುಮಾರು 350 ಮಹಿಳಾ ತಂಡಗಳಿವೆ. ತಂಡಕ್ಕೆ 15 ಜನರೆಂದರೂ ನಾಲ್ಕೂ ವರ್ಷದ ವಿದ್ಯಾರ್ಥಿನಿಯರು ಸೇರಿ ಐದು ಸಾವಿರ ಚಿಲ್ಲರೆ. ಹೈಸ್ಕೂಲುಗಳಲ್ಲಿ ಆಡುವ ಹುಡುಗಿಯರೋ ಮೂರೂವರೆ ಲಕ್ಷಕ್ಕೂ ಹೆಚ್ಚು. ಡಿವಿಷನ್ ಥ್ರೀ ಕಾಲೇಜುಗಳು, ಹಾರ್ವರ್ಡ್ ಯೇಲ್‌ಗಳಿರುವ ಐವಿ ಲೀಗ್ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದೇ ಇಲ್ಲ.

ಇನ್ನು ಆಯ್ಕೆಯ ಮಾತು. ಶಾಲೆಯ ಅಂಕಣದಲ್ಲಿ ಊರೆಲ್ಲ ಕೂಗಿ ಹುರಿದುಂಬಿಸಿದರೂ ಕಾಲೇಜು ಕೋಚುಗಳ ಕಣ್ಣು ಹೆಚ್ಚಾಗಿ ಬೀಳುವುದು ಬೇಸಿಗೆಯ ಕ್ಲಬ್ ಟೂರ್ನಿಗಳ ಮೇಲೆ. ದೊಡ್ಡ ಸಭಾಂಗಣದಲ್ಲಿ ಸಾಲುಸಾಲು ಅಂಕಣ, ಒಂದೇ ಹೊತ್ತಿಗೆ ಹಲವು ಪಂದ್ಯ. ಬದಿಯ ಕುರ್ಚಿಗಳಲ್ಲಿ ಕಾಲೇಜಿನ ಲಾಂಛನದ ಟೀಶರ್ಟು ತೊಟ್ಟ ಕೋಚುಗಳು. ಅವರು ನೋಡಬಹುದು, ಬರೆದುಕೊಳ್ಳಬಹುದು. ಹುಡುಗಿಯನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಅಲ್ಲಿ ಮಾತಾಡಿಸುವಂತಿಲ್ಲ. ಎದ್ದು ಕಾಣುವ ಟೀಶರ್ಟೇ 'ನಿನಗಾಗಿ ಬಂದಿದ್ದೇನೆ' ಎಂಬ ಸುದ್ದಿ ಮುಟ್ಟಿಸಬೇಕು. ಅವರು ಅಂಕವನ್ನಷ್ಟೇ ಎಣಿಸುವುದಿಲ್ಲ. ಚೆಂಡು ಕಳೆದುಕೊಂಡವಳು ತಿರುಗಿ ಓಡಿದಳೋ, ನಿಂತು ಮುಖ ಕಿವುಚಿದಳೋ, ಬೆಂಚಿನಲ್ಲಿ ಹೇಗೆ ಕೂತಳು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕ್ಲಬ್ಬಿನ ಶುಲ್ಕ, ಪ್ರಯಾಣ, ಹೋಟೆಲು ಸೇರಿದರೆ ಖರ್ಚು ಸಾವಿರಾರು ಡಾಲರ್. ಬಡವರ ಮನೆಯ ಪ್ರತಿಭೆ ಸೋರಿಹೋಗುವುದು ಇಲ್ಲಿಯೇ.

ಓದನ್ನೂ ಬಿಡುವಂತಿಲ್ಲ. ಡಿವಿಷನ್ ಒನ್‌ನಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸು ಮುಗಿಸಿ, ಅವುಗಳಲ್ಲಿ ಕನಿಷ್ಠ 2.3 ಗ್ರೇಡ್ ಸರಾಸರಿ ಪಡೆದಿರಬೇಕು.

ಈಚಿನ ವರ್ಷಗಳಲ್ಲಿ ಹೊಸ ತಲೆನೋವು ಶುರುವಾಗಿದೆ. 2018ರಲ್ಲಿ ಬಂದ 'ಟ್ರಾನ್ಸ್‌ಫರ್ ಪೋರ್ಟಲ್' ಮತ್ತು ಆಮೇಲೆ ಸಡಿಲವಾದ ನಿಯಮಗಳಿಂದ ಆಟಗಾರ್ತಿಯರು ಕಾಲೇಜಿನಿಂದ ಕಾಲೇಜಿಗೆ ಸಲೀಸಾಗಿ ಹೋಗುತ್ತಾರೆ. ಹದಿನೇಳರ ಹುಡುಗಿಯನ್ನು ತಂದು ತಿದ್ದುವುದಕ್ಕಿಂತ ಎರಡು ವರ್ಷ ಆಡಿ ಪಳಗಿದವಳನ್ನು ಕರೆದುಕೊಳ್ಳುವುದು ಕೋಚಿಗೆ ಸುಲಭ. ಹಾಗಾಗಿ ಆಟದ ಜನಪ್ರಿಯತೆ ಏರುತ್ತಿದ್ದರೂ ಕ್ಲಾರ್ಕ್‌ಳಷ್ಟು ಹೆಸರಿಲ್ಲದ ಸಾಧಾರಣ ಹೈಸ್ಕೂಲು ಪ್ರತಿಭೆಗೆ ಜಾಗ ಇಕ್ಕಟ್ಟಾಗುತ್ತಿದೆ.

ಇಷ್ಟಿದ್ದೂ ನಮ್ಮವರು ಅಲ್ಲಿಗೆ ತಲುಪಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಪರ ಡಿವಿಷನ್ ಒನ್‌ನಲ್ಲಿ ಆಡಿದರು. ಹೊರದೇಶದ ಹುಡುಗಿಯರಿಗೆ ಮಾತ್ರ ಇನ್ನೊಂದು ತೊಡಕಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖದ ಬಲದ ಮೇಲೆ ಜಾಹೀರಾತಿನ ಹಣ ಪಡೆಯಬಹುದು. ಆದರೆ ವಿದ್ಯಾರ್ಥಿ ವೀಸಾದ ಷರತ್ತುಗಳು ಅಮೆರಿಕದಲ್ಲಿ ಹಾಗೆ ದುಡಿಯಲು ಅಡ್ಡ ಬರುತ್ತವೆ. ಪಕ್ಕದಲ್ಲಿ ಆಡುವ ಅಮೆರಿಕದ ಗೆಳತಿ ಶೂ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಬಹುದು. ಭಾರತದಿಂದ ಹೋದವಳು ಹಾಗೆ ಮಾಡಿದರೆ ವೀಸಾಕ್ಕೇ ಕುತ್ತು.